ಲಿಲ್ಲಿಪಿಲ್ಲಿ ಕ್ಲೋಸ್, ಹನ್ನೆರಡನೇ ಮನೆ

ಮಕಾಯ್
೧೧ ಫೆಬ್ರವರಿ ೨೦೦೧

ಮಾರ್ತೀಸ್,

ನೀನೂ ನೀಲೂ ಮನೆ ಕೊಳ್ಳಲು ಹೊರಟಿದ್ದೀರೆಂದು ನಿನ್ನಪ್ಪ ಹೇಳಿದ. ನೀನೇ ನನಗೆ ಫೋನ್ ಮಾಡಿ ಹೇಳಿದ್ದೆಯಂತೆ. ನಿನ್ನ ಅಜ್ಜಿಯ ಎಡಗಿವಿ ಸತ್ತು ನಾಲ್ಕು ವರ್ಷವಾಯಿತು, ಬಲಗಿವಿಯೂ ಅದರ ಹಿಂದೆಯೇ ಹೊರಟಿದೆ. ನೀನು ‘ಮನೆ’ ಅಂದದ್ದು ನನಗೆ ‘ಗೊನೆ’ ಎಂದು ಕೇಳಿಸಿ, ಈ ವರ್ಷ ಬಾಳೆ ಚೆನ್ನಾಗಿ ಬಂದಿದೆ ಎಂದು ಉತ್ತರ ಕೊಟ್ಟೆ. ಆದ್ದರಿಂದ ಕಾಗದ. ಕಾಗದಕ್ಕೆ ಕಿವಿ ಬೇಡ.

ಮನೆ ನೋಡುವುದನ್ನು ನೀಲ್‌ಗೆ ಬಿಡು. ಗಂಡಸರು ಗೋಡೆ ತಟ್ಟುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಕಾರು ನಿಲ್ಲಿಸುವ ಜಾಗವನ್ನು ಹೆಜ್ಜೆಯಲ್ಲಿ ಅಳೆಯುತ್ತಾರೆ. ನೀನು ಬೀದಿ ನೋಡು. ಕೆಟ್ಟ ಮನೆಗೆ ಬಣ್ಣ ಬಳಿಯಬಹುದು. ಪಕ್ಕದ ಮನೆಯ ಹೆಂಗಸಿಗೆ ಏನು ಬಳಿಯುತ್ತೀ? ಏಜೆಂಟ್ ಹೇಳಿದ ಹೊತ್ತಿಗೆ ಹೋಗಬೇಡ, ಅವನು ಹೇಳದ ಹೊತ್ತಿಗೆ ಹೋಗು. ಒಣಹಾಕಿದ ಬಟ್ಟೆ ನೋಡು. ಯಾರ ಮನೆಯಲ್ಲಿ ಎಷ್ಟು ಜನ, ಯಾರು ದುಡಿಯುತ್ತಾರೆ, ಯಾರು ಹಾಸಿಗೆಯಲ್ಲಿದ್ದಾರೆ, ಎಲ್ಲವನ್ನೂ ಹಗ್ಗ ಹೇಳುತ್ತದೆ. ಕಸದ ಗಾಡಿ ಬರುವ ಹಿಂದಿನ ಸಂಜೆಯೂ ಒಮ್ಮೆ ಹೋಗು, ಡಬ್ಬಿಯ ಮುಚ್ಚಳ ಎಷ್ಟು ಎದ್ದಿದೆ ನೋಡು. ಬಾಟಲಿ ಸದ್ದು ಮಾಡಿದರೆ ಪರವಾಗಿಲ್ಲ, ಕುಡಿಯುವವರು ಸಾಲ ಕೇಳುತ್ತಾರೆ, ಕೇಡು ಬಗೆಯುವುದಿಲ್ಲ. ಏನೂ ಇಲ್ಲದ ಡಬ್ಬಿ ಕಂಡರೆ ಅಲ್ಲಿ ಜನ ಏನು ತಿಂದು ಬದುಕುತ್ತಾರೆಂದು ಕೇಳಿಕೊ.

ಇನ್ನೊಂದು ಮಾತಿತ್ತು. ಬೇಡ. ಹೋದ ವರ್ಷದ್ದು ಹೋಯಿತು. ನಾನು ಎತ್ತುವುದಿಲ್ಲ, ನೀನೂ ಎತ್ತಬೇಡ. ಆ ತೊಟ್ಟಿಲನ್ನು ಯಾರಿಗಾದರೂ ಕೊಟ್ಟುಬಿಡು.

ನಿನ್ನ ನಾನ್ನಾ,
ಚೆನ್ಸಾ


ಬ್ರಿಸ್ಬೇನ್
೪ ಮಾರ್ಚ್ ೨೦೦೧

ಪ್ರೀತಿಯ ನಾನ್ನಾ,

ಮೂರು ಬಡಾವಣೆ ನೋಡಿದೆವು. ಮೊದಲನೆಯದು ಹೆದ್ದಾರಿಯ ಪಕ್ಕ, ಲಾರಿ ಹೋದಾಗಲೆಲ್ಲ ಕಿಟಕಿಗಳು ಹಲ್ಲು ಕಡಿಯುತ್ತಿದ್ದವು. ಎರಡನೆಯದರಲ್ಲಿ ಪಕ್ಕದ ಮನೆಯವನು ಬೇಲಿಯ ಆಚೆಯಿಂದಲೇ ನೀಲ್‌ನನ್ನು “ನೀನು ಯಾವ ಫುಟ್‌ಬಾಲ್ ತಂಡದ ಕಡೆಯೋನು?” ಎಂದು ಕೇಳಿ, ಉತ್ತರ ಸರಿಹೋಗದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮೂರನೆಯದು ಊರಿನ ದಕ್ಷಿಣದಂಚಿನಲ್ಲಿ, ಲಿಲ್ಲಿಪಿಲ್ಲಿ ಕ್ಲೋಸ್. ಹೆಸರಿನ ಮರ ಒಂದೂ ಉಳಿದಿಲ್ಲ. ಕೊನೆಗೆ ದಾರಿ ಮುಚ್ಚಿದ ಬೀದಿ, ಹನ್ನೆರಡು ಮನೆ. ಹನ್ನೊಂದರಲ್ಲಿ ಜನ ಇದ್ದಾರೆ, ಹನ್ನೆರಡನೆಯದು ಮಾರಾಟಕ್ಕಿದೆ. ಅದರ ಹಿಂದಿನ ಕೋಣೆಯ ಕಿಟಕಿಯಿಂದ ಎಲ್ಲರ ಹಿತ್ತಿಲೂ ಕಾಣುತ್ತದೆ. ನಿನ್ನ ಮಾತು ನೆನೆದು ಹಗ್ಗಗಳನ್ನು ನೋಡಿದೆ. ಪ್ರತಿಯೊಂದರ ಮೇಲೂ ಮಗುವಿನ ಬಟ್ಟೆ, ನಾನ್ನಾ! ಒಂದೊಂದು ಮನೆಗೆ ಒಂದೊಂದು ಅಂಗಿ, ಒಂದು ಕುಲಾವಿ, ಒಂದು ಪುಟ್ಟ ಕಾಲುಚೀಲ. ಮಕ್ಕಳಿರುವ ಬೀದಿ. ಎಷ್ಟು ನಿಶ್ಶಬ್ದ ಗೊತ್ತಾ? ಹೋದ ವರ್ಷದಿಂದ ಈಚೆಗೆ ಮೊದಲ ಬಾರಿ ನನ್ನ ತಲೆಯೊಳಗಿನ ಗದ್ದಲ ನಿಂತಿತು.

ನಿನ್ನ,
ಮಾರ್ತೀಸ್

ತೊಟ್ಟಿಲು ಕೊಟ್ಟಿಲ್ಲ.


ಮಕಾಯ್
೧೨ ಮಾರ್ಚ್ ೨೦೦೧

ಮಾರ್ತೀಸ್,

ಹನ್ನೊಂದು ಮನೆ, ಹನ್ನೊಂದು ಮಗು, ಮತ್ತು ನಿಶ್ಶಬ್ದ? ನಾನು ಐದು ಹೆತ್ತು ಬೆಳೆಸಿದವಳು. ಒಂದು ಮಗು ಇರುವ ಮನೆಯಲ್ಲೇ ದೇವರಿಗೆ ತನ್ನ ಮಾತು ತನಗೆ ಕೇಳಿಸುವುದಿಲ್ಲ. ಹೋಗಿ ಇನ್ನೊಮ್ಮೆ ನೋಡು. ಬೇರೆ ದಿನ ಹೋಗು. ಶಾಲೆ ಬಿಡುವ ಹೊತ್ತಿಗೆ ಹೋಗು. ಹಗ್ಗದ ಮೇಲೆ ಮಗುವಿನ ಬಟ್ಟೆ ಒಂದೇ ಹೇಗೆ ಇರುತ್ತದೆ? ನಿನ್ನಪ್ಪ ಮಗುವಾಗಿದ್ದಾಗ ದಿನಕ್ಕೆ ಹದಿನಾಲ್ಕು ಒಗೆದಿದ್ದೇನೆ, ಕೈ ಇನ್ನೂ ಮರೆತಿಲ್ಲ.

ನೀಲ್ ಏನನ್ನುತ್ತಾನೆ? ಅವನಿಗೂ ಬಾಯಿ ಇದೆಯೆಂದು ಮದುವೆಯಲ್ಲಿ ಕಂಡ ನೆನಪು.

ನಾನ್ನಾ


ಬ್ರಿಸ್ಬೇನ್
೨ ಏಪ್ರಿಲ್ ೨೦೦೧

ಪ್ರೀತಿಯ ನಾನ್ನಾ,

ಮೊದಲು ಸುದ್ದಿ: ನನಗೆ ಮೂರು ತಿಂಗಳು. ಅಪ್ಪನಿಗೆ ಇನ್ನೂ ಹೇಳಿಲ್ಲ. ನೀಲ್ ಕುಣಿಯುತ್ತಿದ್ದಾನೆ. ನಾನು ಕುಣಿಯಲಾರೆ, ಯಾಕೆಂದು ನಿನಗೆ ಗೊತ್ತು.

ನೀನು ಹೇಳಿದಂತೆ ಶಾಲೆ ಬಿಡುವ ಹೊತ್ತಿಗೆ ಹೋದೆ. ಯಾವ ಮಗುವೂ ಕಾಣಲಿಲ್ಲ. ಮನೆಗಳ ಸಂದಿಯಿಂದ ಕಂಡ ಹಗ್ಗಗಳ ಮೇಲೆ ಅವೇ ಬಟ್ಟೆಗಳಿದ್ದವು, ಅದೇ ಅಂಗಿ, ಅದೇ ಕುಲಾವಿ. ತಿಂಗಳು ಕಳೆದಿದೆ. ಬಿಸಿಲಿಗೆ ಬಣ್ಣ ಹೋಗಿದೆ. ನಿನಗೆ ಸುಳ್ಳು ಹೇಳುವುದಿಲ್ಲ, ಕಾರಿನಿಂದ ಇಳಿಯದೆ ಗಾಜು ಏರಿಸಿಕೊಂಡೆ.

ಆಗ ಏಳನೇ ಮನೆಯ ಹೆಂಗಸು ಹೊರಬಂದರು. ಡ್ಯಾಫ್ನಿ ಪರ್ಕಿಸ್ ಅಂತ. ಎಪ್ಪತ್ತರ ಹತ್ತಿರ, ಕೈಯಲ್ಲಿ ತೋಟದ ಕತ್ತರಿ, ಕೆನ್ನೆಯಲ್ಲಿ ಗುಳಿ. “ಎರಡನೇ ಸಲ ಬರ್ತಿದೀಯಲ್ಲಮ್ಮಾ, ಕಾರಲ್ಲೇ ಕೂತು ನೋಡ್ಬೇಡ, ನಮ್ಗೇನು ಕೊಂಬಿಲ್ಲ,” ಎಂದರು. “ಇಪ್ಪತ್ತೆಂಟಕ್ಕೆ ಶನಿವಾರ ಬೀದಿಯವ್ರೆಲ್ಲ ನಮ್ಮ ಅಂಗಳದಲ್ಲಿ ಸೇರ್ತೀವಿ. ಬಾ. ಬರೋವಾಗ ಒಂದು ತಟ್ಟೆ ತಾ.”

ನನ್ನ ಹೊಟ್ಟೆ ಇನ್ನೂ ಕಾಣುವುದಿಲ್ಲ. ಆದರೂ ಅವರು ಅಲ್ಲಿಯೇ ನೋಡಿದರು. ನೋಡಿ, ಯಾಕೋ, ಬೇಸರಪಟ್ಟಂತೆ ಕಂಡರು.

ಮಾರ್ತೀಸ್


ಮಕಾಯ್
೮ ಏಪ್ರಿಲ್ ೨೦೦೧

ನನ್ನ ಚಿನ್ನ,

ನಿನ್ನ ಕಾಗದ ಓದಿ ಚರ್ಚಿಗೆ ಹೋಗಿ ಎರಡು ಮೇಣದಬತ್ತಿ ಹಚ್ಚಿದೆ. ಪಾದ್ರಿ “ಯಾರಿಗೆ ಚೆನ್ಸಾ?” ಅಂದ. “ನಿಮ್ಗ್ಯಾಕೆ ಫಾದರ್, ಬತ್ತಿ ನಂದು,” ಅಂದೆ.

ತಟ್ಟೆಯ ವಿಷಯದಲ್ಲಿ ಎಚ್ಚರ. ಈ ದೇಶದವರು ‘ತಟ್ಟೆ ತಾ’ ಅಂದರೆ ತಿಂಡಿ ಮಾಡಿ ತಟ್ಟೆಯಲ್ಲಿಟ್ಟುಕೊಂಡು ಬಾ ಎಂದು ಅರ್ಥ. ನಾನು ಹಡಗಿನಿಂದ ಇಳಿದು ಆರು ವಾರ ಆಗಿತ್ತು. ಕಬ್ಬಿನ ಕಾರ್ಖಾನೆಯವರ ನೃತ್ಯಕೂಟಕ್ಕೆ ಬರಹೇಳಿದರು, ತಟ್ಟೆ ತನ್ನಿ ಅಂದರು. ಪಾಪ, ಇವರ ಹತ್ತಿರ ಪಾತ್ರೆ ಕಡಿಮೆ ಇರಬೇಕು ಅಂದುಕೊಂಡೆ. ನಮ್ಮ ಗೋಜೋ ದ್ವೀಪದಿಂದ ತಂದ ಎರಡೇ ತಟ್ಟೆಯಲ್ಲಿ ಒಂದನ್ನು ಬೂದಿ ಹಾಕಿ ತಿಕ್ಕಿ, ಎದೆಗೆ ಅವಚಿಕೊಂಡು ಹೋದೆ. ಸಾಲಾಗಿ ಕೇಕು, ಸ್ಯಾಂಡ್‌ವಿಚ್ಚು, ನಡುವೆ ನನ್ನ ಖಾಲಿ ತಟ್ಟೆ. “ನೋಡ್ರೇ, ಮಾಲ್ಟಾದವಳು ಗಾಳಿ ಬೇಯಿಸ್ಕೊಂಡು ಬಂದಿದಾಳೆ!” ಎಂದು ಒಬ್ಬಳು ಕೂಗಿದಳು. ಸಭಾಂಗಣಕ್ಕೆ ಸಭಾಂಗಣವೇ ನಕ್ಕಿತು. ನಿನ್ನಜ್ಜ ಸಾಲ್ವು ಕೂಡ ನಕ್ಕ. ಅದನ್ನು ಅವನು ಸಾಯುವ ತನಕ ನಾನು ಬಿಡಲಿಲ್ಲ.

ನೀನು ಪಸ್ತೀತ್ಸಿ ಮಾಡಿಕೊಂಡು ಹೋಗು. ಒಳಗೆ ಗಿಣ್ಣು ಧಾರಾಳವಾಗಿ ತುಂಬು. ತಿಂದ ಬಾಯಿ ಬೇಗ ಬಿಚ್ಚುತ್ತದೆ. ಆ ಬೀದಿಯ ಮಕ್ಕಳು ಎಲ್ಲಿ ಎಂದು ಆಗ ಕೇಳು.

ನಾನ್ನಾ


ಬ್ರಿಸ್ಬೇನ್
೨೯ ಏಪ್ರಿಲ್ ೨೦೦೧

ನಾನ್ನಾ,

ನಿನ್ನೆ ಹೋಗಿದ್ದೆ. ನೀಲ್‌ಗೆ ಕೆಲಸವಿತ್ತು, ಒಬ್ಬಳೇ ಹೋದೆ. ನಲವತ್ತು ಪಸ್ತೀತ್ಸಿ, ಇನ್ನೂ ಬಿಸಿ.

ಹುಲ್ಲಿನ ಮೇಲೆ ಉದ್ದ ಮೇಜು, ಬಿಳಿ ಬಟ್ಟೆ. ಇಪ್ಪತ್ತೆರಡು ಜನ ಸುತ್ತ ಕೂತಿದ್ದರು. ಪ್ರತಿ ಗಂಡಹೆಂಡತಿಯ ಮುಂದೆ ಒಂದು ತಟ್ಟೆ. ಪುಟ್ಟ ತಟ್ಟೆಗಳು, ನಾನ್ನಾ, ಅಂಚಿನಲ್ಲಿ ಬಾತುಕೋಳಿ, ಮೊಲ, ಆನೆ ಬಿಡಿಸಿದಂಥವು. ಹನ್ನೊಂದೂ ಖಾಲಿ. ಯಾರೂ ಏನೂ ತಂದಿರಲಿಲ್ಲ. ನಾನು ನಿಂತೇ ಇದ್ದೆ, ಕೈಯಲ್ಲಿ ತುಂಬಿದ ತಟ್ಟೆ, ನಿನ್ನ ಕಥೆ ತಿರುಗುಮುರುಗಾದ ಹಾಗೆ.

“ಅಯ್ಯೋ, ತುಂಬಿಸ್ಕೊಂಡು ಬಂದ್ಬಿಟ್ಯಾ,” ಎಂದರು ಪರ್ಕಿಸ್, ತುಂಬ ಮೃದುವಾಗಿ. ಯಾರೂ ನಗಲಿಲ್ಲ. ಒಬ್ಬಾತ ಎದ್ದು ನನ್ನ ಕೈಯಿಂದ ಪಸ್ತೀತ್ಸಿ ತೆಗೆದುಕೊಂಡು ಹೋಗಿ ಮೆಟ್ಟಿಲ ಮೇಲಿಟ್ಟ. ಒಂದು ನೊಣವೂ ಅದರ ಮೇಲೆ ಕೂರಲಿಲ್ಲ.

ಕೇಳು ಅಂದಿದ್ದೆಯಲ್ಲ, ಕೇಳಿದೆ. “ಮಕ್ಕಳೆಲ್ಲಿ?”

“ಮತ್ತೆ ಈ ತಟ್ಟೆಗಳು ಯಾರವು ಅಂದ್ಕೊಂಡೆ?” ಎಂದರು ಪರ್ಕಿಸ್. “ನಮ್ಮದು ಕೆವಿನ್. ಮೂರು ವರ್ಷ. ಈಜುಕೊಳ. ಇವರದು ಅವಳಿಯಲ್ಲಿ ಒಂದು. ಆ ತುದಿಯವರದು ಹೆಸರಿಡೋಕೆ ಮುಂಚೇನೇ. ಈ ಬೀದೀಲಿ ಎಲ್ಲರ ಮನೇಲೂ ಒಂದಿದೆ ಕಂದಾ. ನಿನ್ನದರ ಹೆಸರೇನು?”

ನಾನು ಅವರಿಗೆ ಏನೂ ಹೇಳಿರಲಿಲ್ಲ. ಆಣೆಯಾಗಿ ಹೇಳಿರಲಿಲ್ಲ. ಆದರೆ ಹದಿನಾಲ್ಕು ತಿಂಗಳಿಂದ ಯಾರೂ ಅದನ್ನು ಕೇಳಿರಲಿಲ್ಲ, ನಾನ್ನಾ. ಎಲ್ಲರೂ ‘ವಯಸ್ಸಿದೆ, ಇನ್ನೊಂದಾಗುತ್ತೆ’ ಎಂದವರೇ. “ಲೂಕ್,” ಅಂದೆ. “ನಾಲ್ಕು ತಿಂಗಳು. ಮಲಗಿದ್ದವನು ಏಳಲಿಲ್ಲ.”

“ಗೊತ್ತು. ಹಿಂದಿನ ಕೋಣೇಲಿದಾನೆ. ಹೋಗಿ ಬಾ,” ಎಂದು ಹನ್ನೆರಡನೇ ಮನೆಯ ಬೀಗದ ಕೈ ಕೊಟ್ಟರು.

ಕೋಣೆಯಲ್ಲಿ ಏನೂ ಇರಲಿಲ್ಲ, ಬರಿಯ ಕಾರ್ಪೆಟ್. ಕಿಟಕಿಯ ಬಳಿ ಬಿಕ್ಕಳಿಕೆ ಕೇಳಿಸಿತು. ಅವನಿಗೆ ಹಾಲು ಕುಡಿದ ಮೇಲೆ ಬರುತ್ತಿತ್ತಲ್ಲ, ಮೂರು, ಆಮೇಲೆ ಒಂದು ಉಸಿರು, ಆಮೇಲೆ ಎರಡು. ಹಾಗೆಯೇ. ನಾನು ಸಂಜೆಯ ತನಕ ಅಲ್ಲೇ ಕೂತಿದ್ದೆ.

ಮನೆ ತೆಗೆದುಕೊಳ್ಳುತ್ತೇವೆ.

ಮಾರ್ತೀಸ್


ಮಕಾಯ್
೬ ಮೇ ೨೦೦೧

ಮಾರ್ತೀಸ್,

ಸಹಿ ಹಾಕಬೇಡ. ನೀಲ್‌ಗೂ ಹಾಕಲು ಬಿಡಬೇಡ. ಅವನ ಪೆನ್ನು ಮುರಿ, ಬೇಕಾದರೆ ಬೆರಳು ಮುರಿ.

ನಿನಗೆ ಹುಚ್ಚು ಎಂದು ನಾನು ಹೇಳುತ್ತಿಲ್ಲ. ನೀನು ಕೇಳಿದ್ದು ನಿಜವೆಂದೇ ನಂಬುತ್ತೇನೆ, ಅದಕ್ಕೇ ಹೆದರಿದ್ದೇನೆ. ಒಂದು ಕೆಲಸ ಮಾಡು. ಆ ಹೆಂಗಸಿನ ಹತ್ತಿರ ಹೋಗಿ ಕೇಳು: ಅವಳಿ ಅಂದಳಲ್ಲ, ಆ ಇನ್ನೊಂದು ಮಗು ಎಲ್ಲಿ? ಹನ್ನೊಂದು ಮನೆಯಲ್ಲಿ ಉಸಿರಾಡುವ ಮಗು ಒಂದಾದರೂ ಇದೆಯೇ? ನಿನ್ನ ಹೊಟ್ಟೆ ನೋಡಿ ಅವಳು ಯಾಕೆ ಬೇಸರಪಟ್ಟಳು? ಅದನ್ನು ಕೇಳಿ ನನಗೆ ಬರೆ.

ನಾನ್ನಾ


ಬ್ರಿಸ್ಬೇನ್
೨೭ ಮೇ ೨೦೦೧

ನಾನ್ನಾ,

ಕೇಳಿದೆ. “ಆ ಇನ್ನೊಂದು ಮಗುವನ್ನ ಅವರ ತಂಗಿ ಸಾಕಿದಳು. ಇಲ್ಲಿ ಒಂದು ಮನೆಗೆ ಒಂದೇ ಕಂದಾ,” ಎಂದರು. “ಎರಡಕ್ಕೆ ಜಾಗ ಇಲ್ಲ. ಬಂದದ್ದು ಉಳಿಯಲ್ಲ. ಅದಕ್ಕೇ ಅವತ್ತು ಬೇಜಾರಾಯ್ತು. ನೀನೇ ಯೋಚ್ನೆ ಮಾಡು, ನಾವ್ಯಾರೂ ಬಲವಂತ ಮಾಡಲ್ಲ.” ಮೋಸ ಮಾಡಲಿಲ್ಲ ಅವರು.

ಯೋಚಿಸುತ್ತಿದ್ದೇನೆ. ಹೊಟ್ಟೆಯಲ್ಲಿರುವುದರ ಮುಖ ನನಗೆ ಗೊತ್ತಿಲ್ಲ. ಲೂಕ್‌ನ ಮುಖ ಗೊತ್ತು. ಇದನ್ನು ಬರೆಯುವಾಗ ನನಗೇ ಭಯವಾಗುತ್ತಿದೆ, ಆದರೂ ನಾಳೆ ಮತ್ತೆ ಆ ಕೋಣೆಗೆ ಹೋಗುತ್ತೇನೆ. ನೀಲ್‌ಗೆ ಇದಾವುದೂ ಗೊತ್ತಿಲ್ಲ. ಅವನಿಗೆ ಅದು ಒಳ್ಳೆಯ ಮನೆ, ಅಷ್ಟೆ. ಜೂನ್ ಹದಿನೈದಕ್ಕೆ ಸಹಿ.

ನನ್ನನ್ನು ಬೈಯುವ ಮೊದಲು ಒಂದು ಹೇಳು. ಅವನು ಹೋದಾಗಿನಿಂದ ನೀನು ಹತ್ತೊಂಬತ್ತು ಕಾಗದ ಬರೆದಿದ್ದೀಯ. ಒಂದರಲ್ಲಾದರೂ ಅವನ ಹೆಸರಿದೆಯೇ?

ಮಾರ್ತೀಸ್


ಮಕಾಯ್
೩ ಜೂನ್ ೨೦೦೧

ಮಾರ್ತೀಸ್,

ಲೂಕ್. ಲೂಕ್. ಲೂಕ್. ಬರೆದಿದ್ದೇನೆ ನೋಡು. ಅವನ ಕಿವಿ ನಿನ್ನಜ್ಜನದು, ತುದಿ ಮಡಚಿದ ಕಿವಿ. ನಾನು ಅವನನ್ನು ಎರಡು ಸಲ ಎತ್ತಿಕೊಂಡಿದ್ದೇನೆ. ಎರಡನೇ ಸಲ ನನ್ನ ಕನ್ನಡಕ ಕಿತ್ತುಕೊಂಡ.

ನಾನು ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀ. ನನಗೆ ಹಾಗೆ ಕಲಿಸಿದರು. ಐದು ಹೆತ್ತೆ ಎಂದು ಎಲ್ಲರಿಗೂ ಹೇಳುತ್ತೇನೆ, ನಿನ್ನಪ್ಪನಿಗೂ ಅದೇ ಗೊತ್ತು. ಆರು. ಮೊದಲನೆಯವಳು ಸ್ತೆಲ್ಲಾ, ಹಡಗು ಹತ್ತಿದಾಗ ಹದಿಮೂರು ತಿಂಗಳು. ಹಡಗಿನ ಅಟ್ಟದ ಮೇಲೆಯೇ ನಡೆಯಲು ಕಲಿತಳು, ನೆಲ ಓಲಾಡುತ್ತಿತ್ತು, ಇವಳೂ ಓಲಾಡುತ್ತಿದ್ದಳು, ನಾವಿಕರು ಚಪ್ಪಾಳೆ ತಟ್ಟುತ್ತಿದ್ದರು. ಫ್ರೀಮ್ಯಾಂಟಲ್ ಬಂದರಿಗೆ ಐದು ದಿನ ಇದ್ದಾಗ ಜ್ವರ ಬಂತು. ಎರಡು ದಿನ. ಆಮೇಲೆ ಹಾಯಿಬಟ್ಟೆಯಲ್ಲಿ ಸುತ್ತಿ, ಕಾಲಿನ ಕಡೆ ಕಬ್ಬಿಣ ಕಟ್ಟಿ, ಹಲಗೆ ಓರೆ ಮಾಡಿದರು. ಹಡಗು ನಿಲ್ಲಲೂ ಇಲ್ಲ, ಮಾರ್ತೀಸ್. ‘ಹೊಸ ದೇಶ, ಹಳೆಯದನ್ನು ಬಾಯಿಗೆ ತರಬೇಡ’ ಎಂದ ಸಾಲ್ವು. ತರಲಿಲ್ಲ. ತಟ್ಟೆಯ ಕಥೆ ಹೇಳಿ ಎಲ್ಲರನ್ನೂ ನಗಿಸಿದೆ.

ಸಮಾಧಿಯಿಲ್ಲ, ಕಲ್ಲಿಲ್ಲ, ಚಿತ್ರವಿಲ್ಲ. ಅವಳ ಮುಖ ನನಗೂ ಗೊತ್ತಿತ್ತು, ಈಗ ಮರೆತಿದೆ. ಆದರೆ ಆಮೇಲೆ ಐವರು ಬಂದರು, ಅವರ ಮೂಗು ಒರೆಸಿದೆ, ಅವರಲ್ಲೊಬ್ಬನಿಗೆ ನೀನು ಹುಟ್ಟಿದೆ. ಅವತ್ತು ಯಾರಾದರೂ ನನಗೆ ಅಂಥದೊಂದು ಬೀಗದ ಕೈ ಕೊಟ್ಟಿದ್ದರೆ ನೀನು ಇರುತ್ತಿರಲಿಲ್ಲ.

ನಾನು ಬರುತ್ತಿದ್ದೇನೆ. ನಾನು ಬರುವ ತನಕ ಸಹಿ ಹಾಕಬೇಡ.

ನಾನ್ನಾ


ಬ್ರಿಸ್ಬೇನ್
೧೮ ಜೂನ್ ೨೦೦೧

ಹನ್ನೆರಡನೇ ಮನೆ ಮಾರಿಹೋಯಿತೆಂದು ಏಜೆಂಟ್ ಹೇಳಿದ. ಯಾರು ಕೊಂಡರೆಂದೂ ಹೇಳಿದ. ಕಿಟಕಿಯ ಹೊರಗೆ ನಿಂತು ಕೇಳಿದೆ, ಲೂಕ್‌ನ ಸದ್ದಿಲ್ಲ. ನೀನು ನನ್ನ ಮಗನನ್ನು ಮನೆಯಿಂದ ಹೊರಗೆ ಹಾಕಿದೆ. ಇನ್ನು ನನಗೆ ಬರೆಯಬೇಡ.

ಮಾರ್ತೀಸ್


೧೨, ಲಿಲ್ಲಿಪಿಲ್ಲಿ ಕ್ಲೋಸ್
೨೧ ಅಕ್ಟೋಬರ್ ೨೦೦೧

ಮಾರ್ತೀಸ್,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಹರಿಯುವುದಾದರೆ ಓದಿ ಹರಿ.

ಹೆಣ್ಣು ಹುಟ್ಟಿತೆಂದು ನಿನ್ನಪ್ಪ ಬರೆದ. ಹುಟ್ಟುತ್ತಲೇ ಕಿರುಚಿತಂತೆ, ಇನ್ನೂ ನಿಲ್ಲಿಸಿಲ್ಲವಂತೆ. ನೀಲ್ ಬೇರೆ ಕಡೆ ಮನೆ ಹಿಡಿದನಂತೆ, ಪಕ್ಕದವರ ನಾಯಿ ಬಂದ ದಿನವೇ ಅವನ ಚಪ್ಪಲಿ ಕಚ್ಚಿಕೊಂಡು ಹೋಯಿತಂತೆ. ಒಳ್ಳೆಯ ಬೀದಿ. ಬಿಡಬೇಡಿ.

ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಜೂನ್ ಹದಿನಾಲ್ಕಕ್ಕೆ ಬಸ್ಸಿಳಿದು ನಿನ್ನ ಹತ್ತಿರ ಬರಲಿಲ್ಲ, ನೇರ ಏಜೆಂಟ್ ಹತ್ತಿರ ಹೋದೆ. ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ನಮ್ಮ ಚರ್ಚಿನ ತೀರ್ಥ ತಂದಿದ್ದೆ. ಲೂಕ್‌ನನ್ನು ಬಿಡಿಸಿ ಕಳಿಸಿ, ಬಾಗಿಲಿಗೆ ಶಾಪ ಹಾಕಿ ಹೊರಡುವುದು, ಅಷ್ಟೇ ನನ್ನ ಲೆಕ್ಕ.

“ಅಜ್ಜೀ, ಮೊಮ್ಮಗಳಿಗೆ ನೋಡ್ತಿದೀರಾ?” ಎಂದು ಅವನು ಕೂಗಿದ.

“ಯಾಕೆ, ನನಗೆ ಮನೆ ಬೇಡ್ವಾ? ಮರದ ಮೇಲೆ ಇರ್ಲಾ?”

“ಅಲ್ಲ, ಇದು ಸಣ್ಣ ಸಂಸಾರಕ್ಕೆ ಅಂತ ಕಟ್ಟಿರೋದು...”

“ನಂದೂ ಸಣ್ಣ ಸಂಸಾರನೇ. ಬಾಗಿಲು ತೆಗಿ.”

ಹಿಂದಿನ ಕೋಣೆಗೆ ಒಬ್ಬಳೇ ಹೋದೆ. ಲೂಕ್ ಎಂದು ಕರೆದೆ. ಬಿಕ್ಕಳಿಕೆ ಕೇಳಿಸಿತು, ನನ್ನ ಎಡಗಿವಿಗೆ, ಸತ್ತ ಕಿವಿಗೆ. ಮೂರು, ಉಸಿರು, ಎರಡು. “ಮಗಾ, ನಿಮ್ಮಮ್ಮ ನಿನ್ನ ಮರೆತಿಲ್ಲ,” ಅಂದೆ. “ಮರೆಯೋದೂ ಇಲ್ಲ. ಆದ್ರೆ ನೀನು ಇಲ್ಲಿದ್ರೆ ಅವಳು ಎಲ್ಲಿಗೂ ಹೋಗಲ್ಲ. ನೀನು ಮುಂದೆ ನಡಿ, ದೊಡ್ಡವನ ಹಾಗೆ.” ಬಿಕ್ಕಳಿಕೆ ನಿಂತಿತು. ನಾನು ಹೊರಗೆ ಹಾಕಿದೆನೆಂದು ತಿಳಿಯಬೇಡ. ಹೇಳಿದೆ, ಹೋದ. ಅಷ್ಟು ಮರ್ಯಾದೆಯ ಮಗುವನ್ನು ಹೆತ್ತಿದ್ದೀಯ.

ನಾನು ಬಾಗಿಲ ತನಕ ಬಂದಿದ್ದೆ. ಬಾಟಲಿಯ ಬಿರಡೆ ಇನ್ನೂ ತೆಗೆದಿರಲಿಲ್ಲ. ಹಿಂದಿನಿಂದ ಹೆಜ್ಜೆ ಕೇಳಿಸಿತು. ಒದ್ದೆ ಕಾಲು. ಒಂದು, ಎರಡು, ನಿಂತಿತು. ನೆಲ ಓಲಾಡುತ್ತಿದೆಯೇನೋ ಎನ್ನುವ ಹಾಗೆ ಮತ್ತೆ ಒಂದು. ಕಾರ್ಪೆಟ್ಟಿನ ಮೇಲೆ ನೀರು, ಮಾರ್ತೀಸ್. ಬೆರಳದ್ದಿ ನಾಲಿಗೆಗೆ ಇಟ್ಟೆ. ಉಪ್ಪು.

ನಿನ್ನಜ್ಜನ ಕಬ್ಬಿನ ಭೂಮಿ ಮಾರಿದ ದುಡ್ಡು ಸುಮ್ಮನೆ ಬಿದ್ದಿತ್ತು. ಅಂದೇ ಸಹಿ ಹಾಕಿದೆ.

ನಿನಗೋಸ್ಕರ ಕೊಂಡೆ ಎಂದು ನಿನ್ನಪ್ಪನಿಗೆ ಹೇಳಿದ್ದೇನೆ, ಅವನಿಗೆ ಅಷ್ಟು ಸಾಕು. ನಿನಗೆ ಹಾಗೆ ಹೇಳಲಾರೆ. ಆ ಹೆಜ್ಜೆ ಕೇಳಿಸದಿದ್ದರೂ ಕೊಳ್ಳುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ.

ಪರ್ಕಿಸ್ ಒಳ್ಳೆಯವಳು. ಮಗು ಹೋಗಿ ಐವತ್ತು ವರ್ಷ ಎಂದು ಕೇಳಿ ಅತ್ತಳು. “ಪಾಪ, ಎಷ್ಟು ದೂರದಿಂದ ನಡ್ಕೊಂಡು ಬಂದಿದೆ ನಿಮ್ಮದು,” ಅಂದಳು. ಹನ್ನೆರಡೂ ಮನೆ ತುಂಬಿದವು. ಬೀದಿಯ ಹಿಂದಿನ ಬಯಲಿನಲ್ಲಿ ಈಗ ಗೂಟ ಹೊಡೆಯುತ್ತಿದ್ದಾರೆ, ಇನ್ನೂ ಹನ್ನೆರಡು ಬರುತ್ತವಂತೆ. ನಿನ್ನ ಗೆಳತಿಯರು ಯಾರಾದರೂ ಮನೆ ಹುಡುಕುತ್ತಿದ್ದರೆ ಈ ಕಡೆ ಕಳಿಸಬೇಡ.

ನೀನೂ ಬರಬೇಡ. ಮಗುವನ್ನು ತೋರಿಸಲು ಅಂತಲೂ ಬರಬೇಡ. ನನಗೆ ನೋಡಬೇಕೆನಿಸುತ್ತದೆ, ಎಷ್ಟು ಎಂದು ಬರೆದರೆ ನೀನು ಬಂದುಬಿಡುತ್ತೀ, ಆದ್ದರಿಂದ ಬರೆಯುವುದಿಲ್ಲ. ಚಿತ್ರವನ್ನೂ ಕಳಿಸಬೇಡ. ಇವಳು ಎಲ್ಲವನ್ನೂ ನನ್ನ ಕೈಯಿಂದ ಕಿತ್ತು ನೋಡುತ್ತಾಳೆ, ಕಂಡದ್ದೆಲ್ಲ ತನ್ನದು ಎನ್ನುವ ವಯಸ್ಸು. ನಿನ್ನ ಮಗಳ ಹೆಸರನ್ನು ನಿನ್ನಪ್ಪ ಬರೆದ ಜಾಗದಲ್ಲಿ ಮಸಿ ಬಳಿದು ಇಟ್ಟಿದ್ದೇನೆ.

ಎದ್ದಳು. ಬಾಗಿಲಲ್ಲಿ ನಿಂತಿದ್ದಾಳೆ, ತೊಟ್ಟಿಕ್ಕುತ್ತಾ. ಇನ್ನೊಂದು ಸಾಲು ಬರೆದರೂ ತಡವಾಗುತ್ತದೆ.

ಸ್ತೆಲ್ಲಾಳ ಅಮ್ಮ,
ಚೆನ್ಸಾ